ಶಿವಪುತ್ರಪ್ಪ ಇಳಿಸಿದ ಬ್ಯಾನರು

ಧಾರಾವಿಯಲ್ಲಿ ರಸ್ತೆ ಕೂಡುವ ನಾಕಾಗಳ ಮೇಲೆ ಯಾರ ಮುಖ ಎಷ್ಟು ದೊಡ್ಡದಾಗಿರಬೇಕು ಎಂದು ತೀರ್ಮಾನಿಸುವವರು ಬೇರೆ. ಆ ಮುಖ ಎಷ್ಟು ಎತ್ತರದಲ್ಲಿ, ಎಷ್ಟು ನೆಟ್ಟಗೆ ನಿಲ್ಲಬೇಕು ಎಂಬುದು ಮಾತ್ರ ಇಪ್ಪತ್ತೆಂಟು ವರ್ಷಗಳಿಂದ ಶಿವಪುತ್ರಪ್ಪನ ಕೈಯಲ್ಲಿದೆ. ಹುಟ್ಟುಹಬ್ಬದ ಪುಢಾರಿಗಳು, ಗಣಪತಿ ಮಂಡಳದ ಅಧ್ಯಕ್ಷರು, ಹತ್ತನೆಯ ಇಯತ್ತೆ ಪಾಸಾದ ಮಕ್ಕಳು, ಹಜ್ ಯಾತ್ರೆಗೆ ಹೊರಟವರು, ಎಲ್ಲರೂ ಅವನ ಏಣಿ ಹತ್ತಿಯೇ ಮೇಲೆ ಹೋಗಬೇಕು. ಇಂಡಿ ತಾಲ್ಲೂಕಿನಿಂದ ಇಪ್ಪತ್ತರ ವಯಸ್ಸಿನಲ್ಲಿ ಬಂದವನು ಮೊದಲು ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊತ್ತ. ಆಮೇಲೆ ಬೋರ್ಡು ಬರೆಯುವ ಪೇಂಟರನೊಬ್ಬನ ಏಣಿ ಹಿಡಿಯಲು ನಿಂತ. ಕೆಲವು ವರ್ಷಗಳಲ್ಲಿ ಫ್ಲೆಕ್ಸ್ ಬಂತು, ಪೇಂಟರನ ಅನ್ನ ಹೋಯಿತು, ಏಣಿ ಹಿಡಿದವನು ಉಳಿದುಕೊಂಡ. ಯಂತ್ರ ಎಷ್ಟು ಚೆಂದ ಮುದ್ರಿಸಿದರೂ ಕಂಬ ಹತ್ತಿ ಕಟ್ಟುವುದಕ್ಕೆ ಮನುಷ್ಯನೇ ಬೇಕಲ್ಲ.

ಬ್ಯಾನರು ಕಟ್ಟುವುದರಲ್ಲಿ ಏನು ಮಹಾ ವಿದ್ಯೆ ಎನ್ನುವವರು ಒಮ್ಮೆ ತಾವೇ ಕಟ್ಟಿ ನೋಡಬೇಕು. ಫ್ಲೆಕ್ಸನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಚೌಕಟ್ಟನ್ನು ಬಿದಿರಿಗೆ ಬಿಗಿದು, ಇನ್ನೇನು ಮುಗಿಯಿತು ಎಂದು ಕೆಳಗೆ ನಿಂತವರು ಮೊಬೈಲಿನಲ್ಲಿ ಫೋಟೊ ತೆಗೆಯತೊಡಗುವ ಹೊತ್ತಿಗೆ ಶಿವಪುತ್ರಪ್ಪ ಸೊಂಟದಿಂದ ಚೂರಿ ತೆಗೆಯುತ್ತಾನೆ. ಹೊಚ್ಚ ಹೊಸ ಬ್ಯಾನರಿಗೆ ಅಲ್ಲಲ್ಲಿ ಅಂಗೈಯಗಲ ಅರ್ಧ ಚಂದ್ರದಂತೆ ಕೊಯ್ಯುತ್ತಾನೆ. ಆ ಸೀಳುಗಳಲ್ಲಿ ಗಾಳಿ ತೂರಿಕೊಂಡು ಆಚೆ ಹೋಗುತ್ತದೆ. ಸೀಳು ಬಿಡದ ಬ್ಯಾನರು ಬೀಸಿದ ಗಾಳಿಯನ್ನೆಲ್ಲ ಎದೆಯೊಡ್ಡಿ ತಡೆಯುತ್ತದೆ, ಕೊನೆಗೆ ತಾನೂ ಹರಿದು ಚೌಕಟ್ಟನ್ನೂ ಮುರಿಯುತ್ತದೆ. ಒಮ್ಮೆ ಒಬ್ಬ ಪುಢಾರಿ, ಸೀಳು ತನ್ನ ಗಲ್ಲದ ಮೇಲೇ ಬಿತ್ತೆಂದು ರಸ್ತೆಯಲ್ಲಿ ನಿಂತು ಕೂಗಾಡಿದ್ದ. ಶಿವಪುತ್ರಪ್ಪ ಏಣಿಯ ಮೇಲಿಂದಲೇ, "ಗಲ್ಲ ಕೊಯ್ಲಿಲ್ಲಂದ್ರ ನೀವ ಪೂರಾ ಹರೀತೀರಿ ಸಾಹೇಬ್ರ" ಎಂದು ಹೇಳಿ ಇನ್ನೊಂದು ಗಲ್ಲವನ್ನೂ ಕೊಯ್ದ. ಇಪ್ಪತ್ತೆಂಟು ವರ್ಷದಲ್ಲಿ ಈ ಕೆಲಸವನ್ನು ಅವನು ಮರೆತದ್ದಿಲ್ಲ. ಬೇಕೆಂದೇ ಕೊಯ್ಯದೆ ಬಿಟ್ಟದ್ದು ಒಬ್ಬರ ಬ್ಯಾನರನ್ನು ಮಾತ್ರ.

ಅದು ಅವನ ಮಗಳದು.

ದಾನೇಶ್ವರಿ ಅವನ ಒಬ್ಬಳೇ ಮಗಳು. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಹತ್ತರವರೆಗೆ ಓದಿದಳು, ಒಂದು ವರ್ಷವೂ ಮೊದಲ ನಂಬರು ಬಿಟ್ಟವಳಲ್ಲ. ಗಂಡನಿಗೆ ಏಣಿ, ಹೆಂಡತಿಗೆ ಹಂಚು ಎನ್ನುವ ಮನೆ ಅದು. ತಾಯಿ ಗಂಗುಬಾಯಿ ಬೆಳಗಾದರೆ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ರೊಟ್ಟಿ ಬಡಿಯುವ ಸದ್ದಿಗೆ ಮಗಳು ಅಟ್ಟದಂಥ ಮಾಳದ ಮೇಲೆ ಕೂತು ಓದುತ್ತಿದ್ದಳು. ಹತ್ತು ಮುಗಿದು ಕಾಲೇಜಿಗೆ ಹೋದಾಗ ಎಲ್ಲವೂ ಒಮ್ಮೆಲೇ ಇಂಗ್ಲಿಷ್ ಆಯಿತು. ಪದಕೋಶ ತೊಡೆಯ ಮೇಲಿಟ್ಟುಕೊಂಡು, ಒಂದು ಪುಟಕ್ಕೆ ಒಂದು ತಾಸು ಕೂತು, ಆ ಹುಡುಗಿ ಅದನ್ನೂ ದಾಟಿದಳು. ಎರಡನೇ ಸಲಕ್ಕೆ ನೀಟ್ ಪಾಸಾಗಿ ಮುಲುಂಡ್ ಕಡೆಯ ಮೆಡಿಕಲ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಸಾಯನ್ ಸ್ಟೇಶನ್ನಿನಿಂದ ಸ್ಲೋ ಲೋಕಲ್ ಹಿಡಿದರೆ ಅರ್ಧ ತಾಸಿನ ದಾರಿ. ಆದರೂ ಓದಿಗೆ ಅನುಕೂಲ ಎಂದು ಹಾಸ್ಟೆಲಿನಲ್ಲೇ ಇರಿಸಿದರು.

ಊರಿಗೆಲ್ಲ ಬ್ಯಾನರು ಕಟ್ಟಿದವನು ತನ್ನ ಮಗಳಿಗೆ ಕಟ್ಟದೆ ಇರುತ್ತಾನೆಯೇ? ಸೀಟು ಸಿಕ್ಕ ವಾರದಲ್ಲಿ ಗಲ್ಲಿಯ ಬಾಯಿಗೆ ಮೊದಲ ಬ್ಯಾನರು ಬಂತು. 'ಡಾ. ದಾನೇಶ್ವರಿ ಶಿವಪುತ್ರಪ್ಪ, ಹಾರ್ದಿಕ ಅಭಿನಂದನೆಗಳು.' ಕ್ಲಾಸು ಇನ್ನೂ ಶುರುವಾಗಿರಲಿಲ್ಲ. 'ಡಾ.' ಸೇರಿಸಿದ್ದು ಮುದ್ರಣದ ಅಂಗಡಿಯ ಸುಹಾಸ. ಹೇಗೂ ಆಗುವವಳೇ, ಈಗಲೇ ಹಾಕಿಬಿಡೋಣ ಎಂದು ಅವನ ವಾದ.

"ಅಪ್ಪಾ, ಈಗ ಡಾಕ್ಟರ್ ಅಂತ ಬರೀಬಾರ್ದು. ರಾಂಗ್ ಅದ ಅದು" ಎಂದಿದ್ದಳು ದಾನೇಶ್ವರಿ.

"ಆಗ್ತಿಯಲ್ಲ ಮತ್ತ?" ಎಂದು ಶಿವಪುತ್ರಪ್ಪ ನಕ್ಕಿದ್ದ.

ಅಂದು ಏಣಿ ಹತ್ತಿ ಎಲ್ಲ ಬಿಗಿದ ಮೇಲೆ ಅವನು ಚೂರಿ ತೆಗೆದ. ಬ್ಯಾನರಿನ ತುಂಬ ಮಗಳ ಮುಖವೇ ಇತ್ತು. ಎಲ್ಲಿ ಕೊಯ್ಯಬೇಕು? ಹಣೆಗೆ ಹಿಡಿದ, ಕೈ ಬರಲಿಲ್ಲ. ಗಲ್ಲಕ್ಕೆ ಹಿಡಿದ, ಅಲ್ಲಿಯೂ ಆಗಲಿಲ್ಲ. ಗಲ್ಲಿಯೊಳಗೆ ಎಷ್ಟು ಗಾಳಿ ಬಂದೀತು ಎಂದುಕೊಂಡು ಚೂರಿ ಮಡಚಿ ಇಳಿದುಬಿಟ್ಟ. ಆ ಬ್ಯಾನರು ಏನೂ ಆಗದೆ ನಾಲ್ಕು ತಿಂಗಳು ನಿಂತಿತು. ಮೊದಲ ವರ್ಷ ಪಾಸಾದಾಗ ಇನ್ನೊಂದು ಬಂತು. ಅಷ್ಟರಲ್ಲಿ ಗಲ್ಲಿಯ ಹೆಂಗಸರೆಲ್ಲ ಅವಳನ್ನು ಡಾಕ್ಟರ್ ಬಾಯಿ ಎಂದೇ ಕರೆಯುತ್ತಿದ್ದರು. ರಜೆಗೆ ಬಂದರೆ ಸಾಕು, ಮೊಣಕಾಲು ತೋರಿಸಲು ಸಾಲು ಹಚ್ಚುತ್ತಿದ್ದರು. ಹತ್ತೊಂಬತ್ತು ವರ್ಷದ ಹುಡುಗಿಗೆ ಮೊಣಕಾಲಿನೊಳಗೆ ಎಷ್ಟು ಎಲುಬು ಇವೆ ಎಂಬುದಷ್ಟೇ ಗೊತ್ತಿತ್ತು. ನೋವಿಗೆ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ. ಅವಳು ಮೊದಮೊದಲು ನಗುತ್ತಿದ್ದಳು, ಬರಬರುತ್ತ ಮಾಳದಿಂದ ಕೆಳಗಿಳಿಯುವುದನ್ನೇ ಕಡಿಮೆ ಮಾಡಿದಳು.

ಎರಡನೇ ವರ್ಷ ಅವಳು ಬದಲಾದಳು. ಅದು ಕಣ್ಣಿಗೆ ಬಿದ್ದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದಾಗ ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು. ಬಾಚಣಿಗೆಯ ತುಂಬ ಕೂದಲು. ಯಾರಾದರೂ ಜೋರಾಗಿ ಬಾಗಿಲು ತಟ್ಟಿದರೆ ಬೆಚ್ಚುತ್ತಿದ್ದಳು. ಗಂಗುಬಾಯಿ ತಲೆಗೆ ಎಣ್ಣೆ ಒತ್ತಿದಳು, ದೃಷ್ಟಿ ತೆಗೆದಳು. ಶಿವಪುತ್ರಪ್ಪನೋ, ದೊಡ್ಡ ಓದು ಅಂದರೆ ಹೀಗೇ ಇರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ದೊಡ್ಡ ಓದನ್ನು ಅವನು ಹತ್ತಿರದಿಂದ ನೋಡಿದ್ದಾದರೂ ಎಲ್ಲಿ? ಅವನ ಮಟ್ಟಿಗೆ ಓದೆಂದರೆ ಪಾಸಾಗುವುದು, ಪಾಸಾದರೆ ಬ್ಯಾನರು.

ರಿಸಲ್ಟ್ ಬಂದಿದೆಯೆಂದು ಯಾರೋ ಹೇಳಿದರು. ಶಿವಪುತ್ರಪ್ಪ ಫೋನು ಮಾಡಿದ.

"ದಾನವ್ವಾ, ರಿಸಲ್ಟ್ ಬಂತಂತಲ್ಲ?"

"ಬಂತಪ್ಪಾ."

"ಆರಾಮ ಅದಿ ಹೌದಿಲ್ಲೋ?"

"ಹ್ಞೂ ಅಪ್ಪಾ."

"ಬಸವ ಜಯಂತಿಗೆ ಬಾ ಮತ್ತ. ಸಮಾಜದವರು ಸತ್ಕಾರ ಇಟ್ಟಾರ."

"ನೋಡ್ತೀನಿ" ಎಂದಳು.

ಪಾಸಾದೆಯಾ ಎಂದು ಅವನು ಕೇಳಲಿಲ್ಲ. ಅದು ಕೇಳಬೇಕಾದ ಮಾತು ಎಂದೇ ಅವನಿಗೆ ಹೊಳೆಯಲಿಲ್ಲ. ಒಂದನೆಯ ಇಯತ್ತೆಯಿಂದ ಒಂದು ವರ್ಷವೂ ನಪಾಸಾಗದ ಮಗಳ ಬಗ್ಗೆ ಯಾವ ತಂದೆಗೆ ಹೊಳೆದೀತು?

ಸಮಾಜದ ಅಧ್ಯಕ್ಷ ಧರ್ಮಣ್ಣ, ನಾಕಾದಲ್ಲೇ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟವನು, ಈ ಸಲ ಗಲ್ಲಿಯೊಳಗೆ ಬೇಡ ಎಂದ. "ನಾಕಾದ ಮ್ಯಾಗ ದೊಡ್ಡದು ಹಾಕು ಶಿವಪುತ್ರಾ. ನಮ್ಮ ಹುಡುಗ್ಯಾರು ನೋಡಿ ಕಲೀಲಿ." ಅವನದು ಒಳ್ಳೆಯ ಮನಸ್ಸೇ. ಹದಿನೈದು ಅಡಿಯ ಬ್ಯಾನರು ಆಯಿತು. 'ಎರಡನೇ ವರ್ಷದಲ್ಲಿ ಉಜ್ವಲ ಯಶಸ್ಸು' ಎಂದು ಸುಹಾಸ ತನ್ನ ಕಡೆಯಿಂದ ಸೇರಿಸಿದ. ಜಯಂತಿಯ ಹಿಂದಿನ ದಿನ ಸಂಜೆ ಶಿವಪುತ್ರಪ್ಪ ಅದನ್ನು ಕಟ್ಟಿದ. ನಾಕಾದಲ್ಲಿ ಗಾಳಿ ಜೋರು ಎಂಬುದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರಿಲ್ಲ. ಈ ಸಲವೂ ಚೂರಿ ಸೊಂಟದಲ್ಲೇ ಉಳಿಯಿತು.

ಬಸವ ಜಯಂತಿಯ ಬೆಳಿಗ್ಗೆ ಅವನು ಮಂಟಪದ ಏಣಿಯ ಮೇಲಿದ್ದ. ಅಲ್ಲಿಂದ ನಾಕಾ ಕಾಣುತ್ತದೆ. ಮಗಳು ಬರುವುದು ಕಂಡಿತು, ಹೆಗಲಿಗೆ ಚೀಲ, ಹಳದಿ ಕುರ್ತಾ. ನಾಕಾಕ್ಕೆ ಬಂದವಳು ನಿಂತಳು. ತಲೆಯೆತ್ತಿ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ಹಿಂದೆ ಬಂದ ಕೈಗಾಡಿಯವನು ಬದಿಗೆ ಸರಿ, ಬದಿಗೆ ಸರಿ ಎಂದು ಕೂಗಬೇಕಾಯಿತು. ಏಣಿಯ ಮೇಲಿನ ತಂದೆಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಆಮೇಲೆ ಅವಳು ಹಿಂದಿರುಗಿ, ಬಂದ ದಾರಿಯಲ್ಲೇ ಸ್ಟೇಶನ್ನಿನ ಕಡೆಗೆ ಹೊರಟಳು. ಏನೋ ಮರೆತಿರಬೇಕು, ತರಲು ಹೋದಳು ಎಂದುಕೊಂಡು ಅವನು ತೋರಣ ಕಟ್ಟುವುದನ್ನು ಮುಂದುವರಿಸಿದ.

ಅವಳು ಬರಲೇ ಇಲ್ಲ. ಫೋನು ಸ್ವಿಚ್ ಆಫ್ ಆಗಿತ್ತು. ವೇದಿಕೆಯ ಮೇಲೆ ಅವಳ ಖುರ್ಚಿ ಖಾಲಿ ಇತ್ತು. ಶಾಲು ಮತ್ತು ತೆಂಗಿನಕಾಯಿಯನ್ನು ಗಂಗುಬಾಯಿ ತಗೊಂಡಳು. ಆಸ್ಪತ್ರೆಯಲ್ಲಿ ಡ್ಯೂಟಿ ಬಂದಿರಬೇಕು ಎಂದು ಧರ್ಮಣ್ಣ ಮೈಕಿನಲ್ಲಿ ಹೇಳಿದ, ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಸಂಜೆ ಆರಕ್ಕೆ ಫೋನು ಬಂತು. ದಾನೇಶ್ವರಿಯ ರೂಮಿನಲ್ಲೇ ಇರುವ ಶುಭಾಂಗಿ, ಸಾಂಗ್ಲಿ ಕಡೆಯ ಹುಡುಗಿ. "ಕಾಕಾ, ನಾಳೆ ಬೆಳಿಗ್ಗೆಯೇ ಬನ್ನಿ. ಕಾಕೂನೂ ಕರಕೊಂಡು ಬನ್ನಿ. ನಾನು ಅವಳನ್ನು ಒಂಟಿಯಾಗಿ ಬಿಡೋದಿಲ್ಲ, ಹಾಸ್ಟೆಲಿನ ರೆಕ್ಟರ್ ಮೇಡಮ್ಮಿಗೂ ಹೇಳಿದ್ದೇನೆ" ಎಂದು ಮರಾಠಿಯಲ್ಲಿ ಹೇಳಿದಳು. ಒಂಟಿಯಾಗಿ ಬಿಡೋದಿಲ್ಲ ಎಂಬ ಮಾತು ಶಿವಪುತ್ರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗಂಗುಬಾಯಿಯನ್ನು ಕೂಗಿ ಕರೆದ.

ಮರುದಿನ ಎಂಟಕ್ಕೆಲ್ಲ ಗಂಡಹೆಂಡತಿ ಮುಲುಂಡಿನಲ್ಲಿದ್ದರು. ಹುಡುಗಿಯರ ಹಾಸ್ಟೆಲು, ಗಂಡಸರಿಗೆ ಭೇಟಿಯ ಕೋಣೆಯಿಂದ ಮುಂದೆ ಪ್ರವೇಶವಿಲ್ಲ. ಗಂಗುಬಾಯಿ ಮೇಲೆ ಹೋದಳು. ಕೆಳಗೆ ಉದ್ದನೆಯ ಬೆಂಚಿನ ಮೇಲೆ ಶುಭಾಂಗಿ ಶಿವಪುತ್ರಪ್ಪನಿಗೆ ಎಲ್ಲವನ್ನೂ ಹೇಳಿದಳು. ಎರಡು ವಿಷಯದಲ್ಲಿ ನಪಾಸು. ಅದಕ್ಕೂ ಎರಡು ತಿಂಗಳು ಮೊದಲಿನಿಂದ ಅವಳಿಗೆ ನಿದ್ದೆಯಿಲ್ಲ. ಪುಸ್ತಕದ ಒಂದೇ ಪುಟ ತೆರೆದುಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂರುತ್ತಾಳೆ. ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡಲಾಗದೆ ಎದ್ದು ಬಂದಳು. ಮೊದಲ ವರ್ಷ ಯಾರೋ ನಾಲ್ಕು ಜನರೆದುರು ನಿನ್ನ ರ‍್ಯಾಂಕ್ ಎಷ್ಟು ಎಂದು ಕೇಳಿ ನಕ್ಕಿದ್ದರಂತೆ. ಅಂದಿನಿಂದ ಕ್ಲಾಸಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ. ತಾನು ಈ ಜಾಗಕ್ಕೆ ಯೋಗ್ಯಳೇ ಅಲ್ಲ, ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ ಎನ್ನುತ್ತಾಳೆ. ನಿನ್ನೆ ಮಧ್ಯಾಹ್ನ ಮರಳಿ ಬಂದವಳು ಆಡಿದ ಒಂದು ಮಾತಿಗೆ ಹೆದರಿ ತಾನು ಫೋನು ಮಾಡಿದೆ ಎಂದಳು ಶುಭಾಂಗಿ.

ಶಿವಪುತ್ರಪ್ಪ ಕೇಳಿದ. ಕೇಳುತ್ತ ಕೂತವನಿಗೆ ಮೊದಲ ಬಾರಿಗೆ ಅನಿಸಿತು, ಅರ್ಧ ತಾಸಿನ ದಾರಿಯಲ್ಲಿದ್ದ ಮಗಳು ಎರಡು ವರ್ಷದಿಂದ ಎಲ್ಲಿದ್ದಳೆಂದೇ ತನಗೆ ಗೊತ್ತಿಲ್ಲ.

ಗಂಗುಬಾಯಿಯ ಕೈ ಹಿಡಿದು ದಾನೇಶ್ವರಿ ಇಳಿದು ಬಂದಳು. ನಿನ್ನೆಯ ಹಳದಿ ಕುರ್ತಾವೇ ಮೈಮೇಲಿತ್ತು. ತಂದೆಯ ಎದುರು ಕೂತು ನೆಲ ನೋಡಿದಳು.

"ಎರಡು ವಿಷಯ ಹೋಗ್ಯಾವಪ್ಪಾ."

ಈಗ ಏನು ಹೇಳಬೇಕು? ಶಿವಪುತ್ರಪ್ಪನಿಗೆ ತಿಳಿದದ್ದು ಮುಚ್ಚಿ ಕಾಪಾಡುವುದು. ಪ್ರೀತಿಯಿಂದಲೇ ಅವನು ಎರಡನೆಯ ತಪ್ಪು ಮಾಡಿದ. "ಅಷ್ಟ ಅಲ್ಲೇನವ್ವಾ? ಯಾರಿಗೂ ಹೇಳೂದು ಬ್ಯಾಡ. ಮಂದಿಗೆ ಏನ್ ಗೊತ್ತಾಗ್ತದ? ಬ್ಯಾನರ್ ಇರೂತನ ಇರ್ಲಿ. ಅಷ್ಟರಾಗ ಮತ್ತ ಬರದು ಪಾಸಾಗ್ತಿ."

ದಾನೇಶ್ವರಿ ತಲೆಯೆತ್ತಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆದರಿಕೆ ತಂದದ್ದು.

"ಆ ಬ್ಯಾನರಿನ್ಯಾಗ ಇದ್ದಾಕಿ ಬ್ಯಾರೆ ಅಪ್ಪಾ. ನಿಮಗ ಆಕಿನ ಬೇಕು. ಆಕಿ ಕೆಳಗ ಹಾದು ಮನೀಗೆ ಬರಾಕ ನಂಗ ಆಗಲಿಲ್ಲ. ಟ್ರೈ ಮಾಡಿದೆ, ಕಾಲ ಏಳಲಿಲ್ಲ." ಆಮೇಲೆ ತೀರ ಸಣ್ಣ ದನಿಯಲ್ಲಿ ಹೇಳಿದಳು, "ನಾನ ಇರಲಿಲ್ಲಂದ್ರ ಎಲ್ಲಾರಿಗೂ ಹಗರ ಆಗ್ತದ."

ಗಂಗುಬಾಯಿ ಮಗಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ಗಂಡನ ಕಡೆ ತಿರುಗಿ, ಮದುವೆಯಾದ ಇಷ್ಟು ವರ್ಷದಲ್ಲಿ ಎಂದೂ ಆಡದ ದನಿಯಲ್ಲಿ ಹೇಳಿದಳು. "ಕೇಳಿದ್ರೇನ್ರೀ? ಮೊದಲ ಹೋಗಿ ಅದನ್ನ ಇಳಸಿ ಬರ್ರಿ. ನಾ ಇಲ್ಲೇ ಕುಂತಿರ್ತೀನಿ. ಈಕಿ ಕೈ ಬಿಡೂದಿಲ್ಲ."

ಶಿವಪುತ್ರಪ್ಪ ಧಾರಾವಿಗೆ ಬಂದಾಗ ಹನ್ನೊಂದು ದಾಟಿತ್ತು. ನಾಕಾ ತುಂಬಿತ್ತು. ಏಣಿ ಒರಗಿಸಿ ಹತ್ತಿದವನಿಗೆ ಮೊದಲು ಕಂಡದ್ದು ಹರಿದ ಮೂಲೆ. ಎರಡೇ ದಿನದ ಗಾಳಿಗೆ ಬ್ಯಾನರಿನ ಎಡಬದಿ ಹರಿದು, ಮಗಳ ಒಂದು ಕಣ್ಣಿನವರೆಗೂ ಬಂದು, ಫಟಫಟ ಬಡಿದುಕೊಳ್ಳುತ್ತಿತ್ತು. ಹಿಂದಿನ ಕಟ್ಟಿಗೆಯ ಪಟ್ಟಿ ನಡುವೆ ಮುರಿದಿತ್ತು. ಒಂದು ಸೀಳು ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಕಂಡಕಂಡವರ ಮುಖಕ್ಕೆಲ್ಲ ಗಾಳಿಯ ದಾರಿ ಬಿಟ್ಟವನು ಹೆತ್ತ ಮಗಳಿಗೆ ಮಾತ್ರ ಬಿಡಲಿಲ್ಲ. ಶಿವಪುತ್ರಪ್ಪನಿಗೆ ತನ್ನ ಮೇಲೆ ಎಂದೂ ಬಾರದ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ಏಣಿಯ ಮೇಲೆ ನಿಂತವನು ಕಣ್ಣೊರೆಸಿಕೊಳ್ಳಲು ಕೈ ಬಿಡುವಂತಿಲ್ಲ.

ಕೆಳಗಿನಿಂದ ಧರ್ಮಣ್ಣ ಕೂಗಿದ. "ಏ ಶಿವಪುತ್ರಾ! ಇನ್ನಾ ಎಂಟು ದಿನಾ ಇರ್ಲಿ ಅಂದಿದ್ದೆವಲ್ಲೋ, ಯಾಕ ಇಳಸಾಕತ್ತಿ?"

ಅಕ್ಕಪಕ್ಕದ ಅಂಗಡಿಯವರು ತಲೆ ಹೊರಗೆ ಹಾಕಿದರು. ಉತ್ತರ ಸಿದ್ಧವಾಗಿಯೇ ಇತ್ತು. ಗಾಳಿಗೆ ಹರೀತು ಎಂದರೆ ಮುಗಿಯಿತು. ಹರಿದದ್ದು ಎಲ್ಲರ ಕಣ್ಣೆದುರಿಗೇ ಇತ್ತು, ಸುಳ್ಳು ಕೂಡ ಅಲ್ಲ. ಮಗಳ ಮಾನ ಉಳಿಯುತ್ತಿತ್ತು, ತನ್ನದೂ ಉಳಿಯುತ್ತಿತ್ತು. ಹಾಗೆ ಹೇಳಲೆಂದೇ ಅವನು ಬಾಯಿ ತೆರೆದ. ಆದರೆ ಭೇಟಿಯ ಕೋಣೆಯ ಆ ನೋಟ ನೆನಪಾಯಿತು. ಇವತ್ತು ಹರಿದದ್ದು ಗಾಳಿಗೆ ಎಂದರೆ ನಾಳೆ ಇವರೇ ಹೊಸದು ಮಾಡಿಸುತ್ತಾರೆ.

"ದಾನೇಶ್ವರಿ ನಪಾಸ್ ಆಗ್ಯಾಳ್ರೀ ಧರ್ಮಣ್ಣಾರ. ಎರಡು ವಿಷಯದಾಗ. ಆಕಿನ್ನ ಕೇಳದ ನಾನ ಇದನ್ನ ಹಾಕಿದ್ದು. ಆಕಿಗೆ ಆರಾಮಿಲ್ಲ. ತಪ್ಪು ಆಕೀದಲ್ಲ, ನಂದು."

ಏಣಿಯ ಮೇಲಿಂದ ಬಂದ ಮಾತು ನಾಕಾದ ನಾಲ್ಕೂ ದಿಕ್ಕಿಗೆ ಕೇಳಿತು. ಇಂಥ ಮಾತು ಕೇಳಿ ಅಲ್ಲಿ ಯಾರಿಗೂ ರೂಢಿ ಇರಲಿಲ್ಲ. ಧರ್ಮಣ್ಣ ಅಂಗಡಿಯ ಕಟ್ಟೆ ಇಳಿದು ಬಂದು ಏಣಿಯ ಕಾಲು ಹಿಡಿದ.

"ಸಾವಕಾಶ ಇಳಿ" ಎಂದ.

ಸುತ್ತಿದ ಬ್ಯಾನರನ್ನು ಬಗಲಿಗೆ ಹಾಕಿಕೊಂಡು ಶಿವಪುತ್ರಪ್ಪ ಮತ್ತೆ ಲೋಕಲ್ ಹತ್ತಿದ. ಅಷ್ಟುದ್ದದ ಸುರುಳಿ ಜನರ ಮೈಗೆ ತಾಗಿ ಮುಲುಂಡಿನವರೆಗೂ ಬೈಸಿಕೊಂಡ. ಭೇಟಿಯ ಕೋಣೆಯಲ್ಲಿ ಗಂಗುಬಾಯಿ ಹೇಳಿದ ಹಾಗೆಯೇ ಮಗಳ ಕೈ ಹಿಡಿದು ಕೂತಿದ್ದಳು. ಅವನು ಸುರುಳಿಯನ್ನು ಮಗಳ ಕಾಲ ಬಳಿ ಇಳಿಸಿದ.

"ಇಳಸೀನವ್ವಾ. ನಪಾಸ್ ಅಂತ ಹೇಳೀನಿ."

"ಯಾರಿಗೆ?"

"ಏಣಿ ಮ್ಯಾಲ ನಿಂತು ಹೇಳೀನಿ. ಕೇಳಸದವರು ಯಾರೂ ಉಳದಿಲ್ಲ. ಇನ್ನ ನೀ ಮನೀಗೆ ಬರಬಹುದು."

ದಾನೇಶ್ವರಿ ಸುರುಳಿಯ ಹರಿದ ಅಂಚನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಅತ್ತಳು. ಸಣ್ಣ ಮಕ್ಕಳು ಅಳುವ ಹಾಗೆ ಮೂಗು ಬಾಯಿ ಒಂದು ಮಾಡಿಕೊಂಡು ಅತ್ತಳು. ಎರಡು ತಿಂಗಳಲ್ಲಿ ಅವಳು ಅತ್ತದ್ದು ಇದೇ ಮೊದಲು ಎಂದು ಶುಭಾಂಗಿ ಆಮೇಲೆ ಹೇಳಿದಳು. ಶಿವಪುತ್ರಪ್ಪನೂ ಅತ್ತ. ಇಲ್ಲಿ ಕೈ ಬಿಡಲು ಏಣಿಯ ಭಯ ಇರಲಿಲ್ಲ.

ಅಂದೇ ಮಧ್ಯಾಹ್ನ ರೆಕ್ಟರ್ ಮೇಡಮ್ಮು ಅವರನ್ನು ಕಾಲೇಜಿನ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದರು. ಬೋರ್ಡು ಓದಿ ಗಂಗುಬಾಯಿಯ ಹೆಜ್ಜೆ ಬಾಗಿಲಲ್ಲೇ ನಿಂತಿತು. ಒಳಗೆ ಡಾಕ್ಟರ್ ವೈಶಾಲಿ ಎಂಬವರು ಮಗಳ ಹತ್ತಿರ ಒಂದು ತಾಸು ಮಾತಾಡಿ, ಆಮೇಲೆ ತಂದೆತಾಯಿಯನ್ನು ಕರೆದರು. ಇದು ಕಾಯಿಲೆ, ಸೋಮಾರಿತನ ಅಲ್ಲ, ಹುಚ್ಚೂ ಅಲ್ಲ ಎಂದರು. ಔಷಧಿ ಬೇಕು, ನಿದ್ದೆ ಬೇಕು, ವಾರಕ್ಕೊಮ್ಮೆ ಬಂದು ಮಾತಾಡಬೇಕು, ಕೆಲವು ದಿನ ಒಂಟಿಯಾಗಿ ಇರಗೊಡಬಾರದು. ಶಿವಪುತ್ರಪ್ಪ ಬ್ಯಾನರಿನ ಕಥೆಯನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡ. ಎಲ್ಲವನ್ನೂ ನಿಮ್ಮ ತಲೆಯ ಮೇಲೇ ಹಾಕಿಕೊಳ್ಳಬೇಡಿ, ಈ ಕೋಣೆಗೆ ಬರುವ ವಿದ್ಯಾರ್ಥಿಗಳು ಬಹಳ ಜನ, ಎಲ್ಲರ ಮನೆಯ ಮುಂದೆಯೂ ಬ್ಯಾನರು ಇರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅದರಿಂದ ಅವನಿಗೆ ಸಮಾಧಾನವೇನೂ ಆಗಲಿಲ್ಲ.

ದಾನೇಶ್ವರಿ ಒಂದು ಅವಧಿ ರಜೆ ಹಾಕಿ ಮನೆಗೆ ಬಂದಳು. ಮೊದಲ ವಾರವೆಲ್ಲ ಮಲಗಿದ್ದಳು. ಪ್ರತಿ ಮಂಗಳವಾರ ಶಿವಪುತ್ರಪ್ಪ ಅವಳೊಂದಿಗೆ ಮುಲುಂಡಿಗೆ ಹೋಗಿ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಮಂಗಳವಾರ ಬ್ಯಾನರು ಕಟ್ಟುವುದಿಲ್ಲ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದ. ಗಲ್ಲಿಯ ಹೆಂಗಸರು ಒಂದಿಷ್ಟು ದಿನ ಪಿಸುಪಿಸು ಮಾತಾಡಿದರು. ಬೇಗ ವಾಸಿಯಾಯಿತೆಂದು ಯಾರೂ ತಿಳಿಯಬಾರದು. ಚೆನ್ನಾಗಿ ನಾಲ್ಕು ದಿನ ಕಳೆದರೆ ಐದನೆಯ ದಿನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಆಗೆಲ್ಲ ಗಂಗುಬಾಯಿ ರೊಟ್ಟಿಯ ಹಂಚು ಇಳಿಸಿ ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದಳು.

ಜೂನ್ ಬಂತು. ಮಳೆಗೆ ಮೊದಲು ಧಾರಾವಿಯ ಚಾಳುಗಳ ತಗಡಿನ ಮೇಲೆ ಹಳೆಯ ಫ್ಲೆಕ್ಸು ಹೊದಿಸುವುದು ಎಲ್ಲರಿಗೂ ಇದ್ದದ್ದೇ. ಎಷ್ಟೋ ಪುಢಾರಿಗಳು ಜನರ ಕೆಲಸಕ್ಕೆ ಬರುವುದು ಆಗಲೇ. ಶಿವಪುತ್ರಪ್ಪನ ಮನೆಯಲ್ಲಿ ಇದ್ದ ದೊಡ್ಡ ಹಾಳೆ ಒಂದೇ. ಅದನ್ನು ತಗಡಿನ ಮೇಲೆ ಬಿಚ್ಚಿ, ಮುಖ ಮೇಲೆ ಮಾಡಲೋ ಕೆಳಗೆ ಮಾಡಲೋ ತಿಳಿಯದೆ ಕೂತಿದ್ದ. ಮಾಳದ ಕಿಂಡಿಯಿಂದ ದಾನೇಶ್ವರಿ ತಲೆ ಹೊರಗೆ ಹಾಕಿದಳು.

"ಮುಖ ಮ್ಯಾಲ ಮಾಡಪ್ಪಾ. ಡಾಕ್ಟರ್ ಬಾಯಿ ಒಂದರೆ ಕೆಲಸಾ ಮಾಡ್ಲಿ."

ಕೆಳಗೆ ಗಂಗುಬಾಯಿ ನಕ್ಕುಬಿಟ್ಟಳು. ಮಗಳು ತಮಾಷೆ ಮಾಡಿ ಎಷ್ಟು ಕಾಲವಾಗಿತ್ತೆಂದರೆ, ಶಿವಪುತ್ರಪ್ಪನಿಗೆ ನಗಬೇಕೆಂಬುದು ಹೊಳೆಯುವಷ್ಟರಲ್ಲಿ ಅವಳು ತಲೆ ಒಳಗೆ ಎಳೆದುಕೊಂಡಿದ್ದಳು.

ಮಳೆ ಮುಗಿದ ಮೇಲೆ ಅವಳು ಹಾಸ್ಟೆಲಿಗೆ ಮರಳಿದಳು, ಉಳಿದ ಎರಡು ವಿಷಯ ಬರೆದಳು. ಈಗ ಶಿವಪುತ್ರಪ್ಪ ದಿನಾ ಫೋನು ಮಾಡುತ್ತಾನೆ. ಊಟ ಆಯಿತಾ, ನಿದ್ದೆ ಬಂತಾ ಎಂದು ಕೇಳುತ್ತಾನೆ. ಪರೀಕ್ಷೆಯ ಸುದ್ದಿ ಎತ್ತುವುದಿಲ್ಲ. ಎತ್ತದಿರುವುದು ಸುಲಭ ಎಂದುಕೊಳ್ಳಬೇಡಿ, ಎಷ್ಟೋ ಸಲ ಮಾತು ತುಟಿಯವರೆಗೆ ಬಂದು ನಿಂತದ್ದುಂಟು.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಅವನು ನಾಕಾದಲ್ಲಿ ಏಣಿಯ ಮೇಲಿದ್ದ. ಪೊಲೀಸ್ ಭರತಿಯಲ್ಲಿ ಆಯ್ಕೆಯಾದ ಹಣಮಂತ ಎಂಬ ಹುಡುಗನ ಬ್ಯಾನರು. ಕಟ್ಟುವ ಮೊದಲು ಶಿವಪುತ್ರಪ್ಪ ಆ ಹುಡುಗನನ್ನೇ ಕರೆಸಿ, ಆರ್ಡರ್ ಕೈಗೆ ಬಂದಿದೆಯಾ, ಇದು ನಿನಗೆ ಬೇಕಾ ಎಂದು ಎರಡೆರಡು ಸಲ ಕೇಳಿದ್ದ. ಜನ ಈಗ ಇದಕ್ಕೂ ಒಗ್ಗಿಕೊಂಡಿದ್ದಾರೆ. ಅವನು ಹಣಮಂತನ ಕಿವಿಯ ಪಕ್ಕದಲ್ಲಿ ಸೀಳು ಬಿಡುತ್ತಿದ್ದಾಗ ಸ್ಟೇಶನ್ನಿನ ಕಡೆಯಿಂದ ದಾನೇಶ್ವರಿ ಬರುವುದು ಕಂಡಿತು. ಹೆಗಲಿಗೆ ಚೀಲ. ನಾಕಾಕ್ಕೆ ಬಂದಳು.

ಧರ್ಮಣ್ಣ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ರೂಢಿಯ ಬಾಯಿ, ತಡೆದುಕೊಳ್ಳಲಿಲ್ಲ. "ಏನ್ ಡಾಕ್ಟರ್ ಬಾಯಿ, ರಿಸಲ್ಟ್ ಬಂತೇನ?"

ಶಿವಪುತ್ರಪ್ಪನ ಚೂರಿ ಅಲ್ಲೇ ನಿಂತಿತು. ಮಗಳೂ ನಿಂತಳು. ಏಳು ತಿಂಗಳ ಹಿಂದೆ ನಿಂತಿದ್ದ ಜಾಗದಲ್ಲೇ. ಆಗಲೂ ಅವನು ಏಣಿಯ ಮೇಲಿದ್ದ, ಏನೂ ತಿಳಿಯದೆ ಹೆಮ್ಮೆಪಟ್ಟಿದ್ದ. ಈಗ ಅವಳ ಬೆನ್ನು ಎತ್ತ ತಿರುಗುತ್ತದೋ ಎಂದು ನೋಡಿದ.

"ಬಂತ್ರೀ ಕಾಕಾ. ಒಂದು ಪಾಸಾತು, ಒಂದು ಮತ್ತ ಹೋತು" ಎಂದಳು ದಾನೇಶ್ವರಿ. ಲೋಕಲ್ ಹತ್ತು ಮಿನಿಟು ಲೇಟು ಎಂದು ಹೇಳುವಂತೆ ಹೇಳಿದಳು. ನಾಕಾದ ತುಂಬ ಜನ ಇದ್ದರು, ಕೇಳಿದರು, ತಂತಮ್ಮ ಕೆಲಸಕ್ಕೆ ಹೋದರು.

"ಆಗ್ತದ ತಗೋ" ಎನ್ನಲು ಹೋಗಿ ಧರ್ಮಣ್ಣ ಅದನ್ನು ನುಂಗಿಕೊಂಡ. "ಚಾ ಕುಡೀತಿಯೇನ?" ಎಂದ.

"ಬ್ಯಾಡ್ರೀ. ಮೊದಲ ಮನೀಗ ಹೋಗಬೇಕು." ಅವಳು ನಡೆದು ಬಂದು ಏಣಿಯ ಬುಡದಲ್ಲಿ ನಿಂತು ತಲೆಯೆತ್ತಿದಳು. "ಅಪ್ಪಾ, ಲಗೂ ಇಳಿ. ಅವ್ವ ರೊಟ್ಟಿ ಮಾಡ್ಯಾಳಿಲ್ಲೋ? ನಂಗ ಭಾಳ ಹಸಿವಾಗೇದ."

ಒಂದು ಸೀಳು ಬಾಕಿ ಇತ್ತು. ಅದನ್ನು ಕೊಯ್ದು, ಚೂರಿ ಮಡಚಿ, ಅವನು ಏಣಿ ಇಳಿದ.